ಅತ್ತೆಯ ಎದುರು ಒಡೆದ ಮೊಟ್ಟೆ

ನಾನು ಹಾಲಿನ ಬಟ್ಟಲಿಗೆ ಮೊಟ್ಟೆ ಒಡೆದು ಹಾಕುತ್ತಿದ್ದಾಗಲೇ ಅತ್ತೆ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು. ಮಠಕ್ಕೆ ಹೊರಟವರು ಕಡೂರಿನ ಬಸ್ಸು ತಪ್ಪಿ, ಬೀರೂರಿನ ನಮ್ಮ ಮನೆಗೆ ವಾಪಸಾಗಿದ್ದರು. ಹಣೆ ತುಂಬ ವಿಭೂತಿ. ಮೊಟ್ಟೆಯ ಹೆಸರೂ ಎತ್ತದ ಮನೆ ನಮ್ಮದು. ಮಗಳ ಹಟಕ್ಕೆ ಫ್ರೆಂಚ್ ಟೋಸ್ಟ್ ಮಾಡುತ್ತಿದ್ದೆ. ಉದ್ದುದ್ದ ಸೀಳಿದ ಬ್ರೆಡ್ಡನ್ನು ಮೊಟ್ಟೆಹಾಲಿನಲ್ಲಿ ಅದ್ದಿ, ಬೆಣ್ಣೆಯಲ್ಲಿ ಬೇಯಿಸಿ, ಚಕ್ಕೆಪುಡಿ ಬೆರೆಸಿದ ಸಕ್ಕರೆಯಲ್ಲಿ ಹೊರಳಿಸಬೇಕು. ಇನ್ನು ತವರುಮನೆಯೇ ಗತಿ ಎಂದುಕೊಂಡೆ.

ಅತ್ತೆ ಸೀದಾ ಹೋಗಿ ಕಿಟಕಿ ಮುಚ್ಚಿದರು. "ಪಕ್ಕದ್ಮನೆಯೋರಿಗೆ ವಾಸ್ನೆ ಹೋಯ್ತದೆ ಕಣೇ. ಇನ್ನೊಂದ್ ಒಡ್ದು ಹಾಕು, ಒಂದ್ರಲ್ಲಿ ಏನಾಯ್ತದೆ?" ಎಂದರು. ಮೊದಲ ಬಿಸಿ ತುಂಡನ್ನು ಅವರೇ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಪೂಜೆಯಲ್ಲೂ ಅವರಲ್ಲಿ ಅಷ್ಟು ಭಕ್ತಿ ಕಂಡಿರಲಿಲ್ಲ.

ಅತ್ತೆಗೆ ಹೆದರುವುದನ್ನು ಅಂದೇ ಬಿಟ್ಟೆ. ಈಗ ನಮ್ಮಿಬ್ಬರ ಜಗಳವೆಲ್ಲ ಕೊನೆಯ ತುಂಡು ಯಾರಿಗೆ ಎಂಬುದಕ್ಕೆ ಮಾತ್ರ.