ಮಾವನ ಎದುರು ಊದಿದ ಉಸಿರು

ಶಲವಡಿ ಎಂಬ ಹಳ್ಳಿಯ ಚಾವಡಿಯಲ್ಲಿ ಆ ದಿನ ನಡೆದದ್ದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಎಂಬತ್ತರ ದಶಕದ ಮಾತು. ನಾನು ವೈದ್ಯಕೀಯ ಓದು ಮುಗಿಸಿ ಒಬ್ಬ ದೊಡ್ಡ ಡಾಕ್ಟರ ಕೈಕೆಳಗೆ ಸೇರಿದ್ದೆ; ಅಲ್ಲಿ ಹೆಣ್ಣು ಡಾಕ್ಟರೆಂದರೆ ನಾನೊಬ್ಬಳೇ. ಉಸಿರಿನ ಯಂತ್ರದೊಳಗೆ ಊದಿದರೆ ಎಷ್ಟು ಗಾಳಿ ಬಂತೆಂದು ತಿಳಿಯುತ್ತದೆ. ಆದರೆ ಎಷ್ಟು ಬಂದರೆ ಸರಿ? ನಮ್ಮಲ್ಲಿ ಇದ್ದದ್ದು ಹೊರದೇಶದವರ ಪಟ್ಟಿ. ನಮ್ಮ ಭಾಗದ ಗಟ್ಟಿಮುಟ್ಟಾದ ಜನರನ್ನು ಊದಿಸಿ ನಮ್ಮದೇ ಅಳತೆ ಮಾಡೋಣವೆಂದು ಡಾಕ್ಟರು ಹೊರಟಿದ್ದರು. ಒಳ್ಳೆಯ ಕೆಲಸವೇ. ಮಾಡಿದ ರೀತಿ ಮಾತ್ರ ಹಾಳು.

ಯಂತ್ರ ಇಟ್ಟದ್ದು ಚಾವಡಿಯ ನಟ್ಟನಡುವೆ. ಸುತ್ತಲೂ ಊರ ಹಿರಿಯರು ಪಂಚಾಯ್ತಿಗೆ ಕೂತ ಹಾಗೆ ಕೂತಿದ್ದರು. ಮಾವನೆದುರು ಜೋರಾಗಿ ಕೆಮ್ಮಲೂ ಹಿಂಜರಿಯುವ ಸೊಸೆಯಂದಿರು ಅಲ್ಲಿ ಬಾಯಿಗೆ ಕೊಳವೆ ಇಟ್ಟುಕೊಂಡು ಮೈಯ ಬಲವೆಲ್ಲ ಹಾಕಿ ಊದಬೇಕಂತೆ! ತಲೆಯ ಮೇಲಿನ ಸೆರಗು ಜಾರದಂತೆ ಹಿಡಿದು, ಬಿಸಿ ಹಾಲು ಆರಿಸುವ ಹಾಗೆ ಊದಿದರು. ಹೊರೆ ಹೊತ್ತು ಹೊಲದಿಂದ ದಾಪುಗಾಲಲ್ಲಿ ಬರುವ ಹೆಂಗಸರ ಉಸಿರು ಯಂತ್ರದಲ್ಲಿ ಮುದುಕಿಯರ ಉಸಿರಾಯಿತು.

“ಸರ, ಇವ್ರು ಪೂರಾ ಊದವಲ್ರು. ಯಂತ್ರಾ ಒಂದು ಮನಿಯೊಳಗ ಇಡೂಣ್ರಿ, ಗಂಡಸರು ಇರೋದು ಬ್ಯಾಡ” ಎಂದೆ.

“ಎಲ್ಲಾರೂ ಇಷ್ಟ ಊದತಾರಂದ್ರ ಇದ ನಾರ್ಮಲ್. ನಮ್ಮ ಹೆಣ್ಮಕ್ಕಳ ಶ್ವಾಸಕೋಶಾನ ಸಣ್ಣ ಅದಾವ” ಎಂದು ಅವರು ನಕ್ಕರು.

ಸಿಟ್ಟು ನೆತ್ತಿಗೇರಿತು. ಜವಾನನಿಂದ ಯಂತ್ರ ಎತ್ತಿಸಿ, ಒಬ್ಬ ಸೊಸೆಯನ್ನು ಕರೆದುಕೊಂಡು ಪಕ್ಕದ ಮನೆಯ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿದೆ.

“ಈಗ ಊದವ್ವಾ. ಇಲ್ಲಿ ನಿಮ್ಮ ಮಾವ ಇಲ್ಲ, ಯಾರೂ ಇಲ್ಲ.”

ಊದಿದಳು ನೋಡಿ! ಮುಳ್ಳು ಮೊದಲಿಗಿಂತ ಎಷ್ಟೋ ಮೇಲೆ ಹೋಯಿತು. ಅವಳೇ ಬೆರಗಾಗಿ ನಕ್ಕುಬಿಟ್ಟಳು. ಹೊರಗೆ ಬಂದು ತೋರಿಸಿದರೆ ಡಾಕ್ಟರು ಕೈಗಡಿಯಾರ ನೋಡಿಕೊಂಡರು. ಎಲ್ಲರನ್ನೂ ಮತ್ತೆ ಊದಿಸಲು ಅವರಿಗೆ ಪುರುಸೊತ್ತಿಲ್ಲವಂತೆ. ಚಾವಡಿಯ ಆ ಅಳತೆಯೇ ಪಟ್ಟಿಯಾಗಿ ಆಸ್ಪತ್ರೆಯ ಗೋಡೆ ಹತ್ತಿತು. ಆರೋಗ್ಯವಂತರ ಅಳತೆಯೇ ಕೆಳಗಿಳಿದರೆ ರೋಗದವಳೂ ಸರಿಯಿದ್ದಾಳೆ ಅನ್ನಿಸಿಕೊಳ್ಳುತ್ತಾಳೆ ಎಂದು ನಾನು ಎಷ್ಟು ಬಡಕೊಂಡರೂ ಕೇಳುವವರಿರಲಿಲ್ಲ.

ಮುಂದೆ ಕೆಲವು ವರ್ಷಕ್ಕೆ ಗುಡಗೇರಿಯಿಂದ ನನ್ನ ಒಡಹುಟ್ಟಿದ ಅಕ್ಕನೇ ಆಸ್ಪತ್ರೆಗೆ ಬಂದಳು, ಜೊತೆಗೆ ಅವಳ ಅತ್ತೆ. ಅಕ್ಕನಿಗೆ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಮುಚ್ಚಿದ ಕೋಣೆಯಲ್ಲಿ ನನ್ನೊಬ್ಬಳ ಎದುರು, ಕಣ್ಣಲ್ಲಿ ನೀರು ಬರುವಷ್ಟು ಊದಿದಳು. ಡಾಕ್ಟರು ಬಂದು ಗೋಡೆಯ ಪಟ್ಟಿಗೆ ಹೋಲಿಸಿ ನೋಡಿದರು; ಚಾವಡಿಯಲ್ಲಿ ಅಂಜುತ್ತ ಊದಿದವರ ಅಳತೆಗೆ ಅವಳ ಅಳತೆ ಸಮವಾಯಿತು.

“ನಾರ್ಮಲ್ ಐತಿ. ಏನೂ ಚಿಂತಿ ಮಾಡಬ್ಯಾಡ್ರಿ.”

“ಪಟ್ಟೀನ ತಪ್ಪೈತ್ರಿ, ಸರ!” ಎಂದು ಚೀರಿದೆ. ಅವರು ಆಗಲೇ ಮುಂದಿನ ರೋಗಿಯನ್ನು ಕರೆಯುತ್ತಿದ್ದರು. ಅತ್ತೆ ಎದ್ದು ನಿಂತಿದ್ದಳು.

“ಕೇಳಿದೇನ? ಬರೇ ಮೈಗಳ್ಳತನ. ನಡಿ, ಮನಿಗಿ ಹೋಗೂಣು.”

ಅಕ್ಕ ನನ್ನ ಕೈ ಹಿಡಿದಳು. “ಹಂಗಾರ ನನಗ…” ಎಂದು ನಿಂತು, ಉಸಿರು ಎಳೆದುಕೊಂಡು, ಉಳಿದದ್ದನ್ನು ಹೇಳಿದಳು. “ಏನೂ ಆಗಿಲ್ಲೇನ, ತಂಗಿ?”