ಮಲಗಿದವರನ್ನು ಎಬ್ಬಿಸಬಾರದು

ಸಾದಲಿಯ ಹತ್ತಿರದ ನಮ್ಮ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗುವ ದಿನಗಳಿಗೆ ಒಂದು ಕಟ್ಟುಪಾಡಿತ್ತು: ಮಲಗಿದವರನ್ನು ಎಬ್ಬಿಸಬಾರದು. ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡುವ ಆ ಎರಡು ದಿನ ಯಾರಿಗೂ ಸರಿಯಾದ ನಿದ್ದೆಯಿಲ್ಲ. ಯಾರು ಎಲ್ಲಿ ಒರಗಿದರೂ ಉಳಿದವರು ಅವರ ಪಾಲಿನ ಕೆಲಸ ಮಾಡಬೇಕು.

ಅಣ್ಣ ಹೆರಾಯಿನ್ ಸೇದುತ್ತಿದ್ದುದು ನಮಗೆ ಎರಡು ವರ್ಷ ತಿಳಿಯದೆ ಹೋಗಿದ್ದಕ್ಕೂ ಈ ಹುಳುವಿನ ಕೆಲಸವೇ ಕಾರಣ. ಸೊಪ್ಪು ಹಾಕುತ್ತಲೇ ತೂಕಡಿಸಿದರೆ ದಣಿವು ಅಂದುಕೊಂಡೆವು. ಮೈ ಕೆರೆದುಕೊಂಡರೆ ಹುಳುಮನೆ ತೊಳೆಯುವ ಬ್ಲೀಚಿಂಗ್ ಪೌಡರಿನ ಮೇಲೆ ತಪ್ಪು ಹೊರಿಸಿದೆವು. ಊಟ ಬಿಟ್ಟು ಇಳಿದುಹೋದಾಗ ಅಮ್ಮ ಹರಕೆ ಹೊತ್ತಳು. ಗೊತ್ತಾದ ದಿನ ನಾನು ಬಾಯಿಗೆ ಬಂದಂತೆ ಬೈದೆ. ಪುಡಿ ಸಿಗದ ದಿನ ಅವನು ಮೂಗು ಸೋರಿಸುತ್ತ, ಕಾಲು ಮಡಚಿಕೊಂಡು ನಡುಗುವುದನ್ನು ಕಂಡ ಮೇಲೆ ನನ್ನ ಬೈಗುಳ ನಿಂತಿತು.

ಚಿಕ್ಕಬಳ್ಳಾಪುರದ ಒಂದು ಚಿಕಿತ್ಸಾ ಕೇಂದ್ರದಲ್ಲಿ ಮೂರು ತಿಂಗಳಿದ್ದು ಬಂದ. ಮೈಕೈ ತುಂಬಿಕೊಂಡಿದ್ದ. ಬಂದವನೇ ಕೈಕಾಲು ತೊಳೆದು ಹುಳುಮನೆಗೆ ಹೋದ. ನಮಗೆ ಹೋದ ಜೀವ ಬಂದಂತಾಯಿತು.

ಆಗ ಸಾಕುತ್ತಿದ್ದ ಹುಳು ಹಣ್ಣಾದ ದಿನ ಮಧ್ಯಾಹ್ನದ ಊಟಕ್ಕೆ ಅವನು ಕಾಣಲಿಲ್ಲ. ಹೋಗಿ ನೋಡಿದರೆ ಸೊಪ್ಪಿನ ಕೋಣೆಯಲ್ಲಿ, ಒದ್ದೆ ಗೋಣಿಯ ಪಕ್ಕ ಮಲಗಿದ್ದ. ಗಂಟಲಲ್ಲಿ ಗೊರಗೊರ ಸದ್ದು. ಕರೆಯಲು ಬಾಯಿ ತೆರೆದೆ.

"ಎಬ್ಬಿಸ್ಬೇಡ ಕಣಮ್ಮ, ಬೆಳಿಗ್ಗೆಯಿಂದ ನಿಂತೇ ಇದ್ದಾನೆ. ಮಲಗ್ಲಿ ಬಿಡು," ಅಂದಳು ಹಿಂದೆ ಬಂದಿದ್ದ ಅಮ್ಮ.

ಬಾಗಿಲು ಮುಂದಕ್ಕೆಳೆದು, ಅವನ ಪಾಲಿನ ಚಂದ್ರಿಕೆಗಳನ್ನೂ ನಾನೇ ತುಂಬಿಸಿದೆ. ಸಂತೋಷದಿಂದಲೇ ತುಂಬಿಸಿದೆ.

ಸಂಜೆ ಕಾಫಿ ತೆಗೆದುಕೊಂಡು ಹೋದಾಗ ಸದ್ದಿರಲಿಲ್ಲ. ತುಟಿ ನೀಲಿಗಟ್ಟಿತ್ತು. ಮೈ ತಣ್ಣಗಿತ್ತು.

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದರು: ತಿಂಗಳುಗಟ್ಟಲೆ ಬಿಟ್ಟಿದ್ದವರು ಮತ್ತೆ ಮೊದಲಿನಷ್ಟೇ ತೆಗೆದುಕೊಂಡರೆ ದೇಹ ತಡೆಯುವುದಿಲ್ಲ, ಉಸಿರೇ ನಿಲ್ಲುತ್ತದೆ. ನಾವು ಕೇಳಿದ್ದು ಗೊರಕೆಯಲ್ಲ, ಉಸಿರಿನ ಒದ್ದಾಟ. "ಆಗ್ಲೇ ಕರ್ಕೊಂಡು ಬಂದಿದ್ರೆ ಉಳಿಸ್ಬಹುದಿತ್ತೇನೋಮ್ಮ," ಅಂದರು. ಇದನ್ನು ನಾನು ಅಮ್ಮನಿಗೆ ಹೇಳಿಲ್ಲ. ಕೊನೇ ದಿನವಾದರೂ ಮಗ ನೆಮ್ಮದಿಯಾಗಿ ಮಲಗಿದನೆಂದೇ ಅವಳು ನಂಬಿದ್ದಾಳೆ.

ಈಗಲೂ ಹುಳು ಸಾಕುತ್ತೇವೆ. ಹಣ್ಣಾದ ದಿನ ಅಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದರೆ ನಾನು ಭುಜ ಹಿಡಿದು ಅಲುಗಾಡಿಸುತ್ತೇನೆ.

"ಏನೇ ನಿನ್ನ ಕಾಟ! ಒಂದ್ಗಳಿಗೆ ಮಲಗಕ್ಕೂ ಬಿಡಲ್ವಲ್ಲೇ," ಎಂದು ಬೈಯುತ್ತಾಳೆ.

ಆ ಬೈಗುಳ ಕಿವಿಗೆ ಬಿದ್ದ ಮೇಲೆಯೇ ನಾನು ಮುಂದಿನ ಚಂದ್ರಿಕೆಗೆ ಕೈ ಹಾಕುವುದು.