ಗಂಜಿ ಉದುರಿದ ರಾತ್ರಿ

ದೊಡ್ಡಪ್ಪನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಚನ್ನಪಟ್ಟಣದ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದವರು ಅವರು. ಬಟ್ಟೆಯ ಥಾನಿನ ಅಂಚನ್ನು ಆ ಎರಡು ಬೆರಳ ನಡುವೆ ಹಿಡಿದು ಉಜ್ಜಿ, ನೇಯ್ಗೆಗೆ ಹಾಕಿದ ಗಂಜಿ ಎಷ್ಟು ಉದುರುತ್ತದೆ ಎಂದು ನೋಡುವುದು ಅವರ ಕಸುಬು. ಬರಬರುತ್ತಾ ಈ ಅಭ್ಯಾಸ ಅಂಗಡಿ ದಾಟಿ ಹೊರಗೂ ಬಂದಿತ್ತು. ಹಾಲಿನವನು ಮಾತಾಡಲಿ, ಬೀಗರು ಮಾತಾಡಲಿ, ಆ ಬೆರಳುಗಳು ಗಾಳಿಯನ್ನೇ ಉಜ್ಜುತ್ತಿದ್ದವು. "ಗಂಜಿ ಉದುರ್ಲಿ ತಡಿ, ಆಮ್ಯಾಲೆ ಬಟ್ಟೆ ಎಂಥದ್ದು ಅಂತ ಗೊತ್ತಾಯ್ತದೆ" ಅನ್ನುವುದು ಅವರ ಮಾತು.

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿ, ಮದುವೆ ಮಾಡಿ, ಅಂಗಡಿಯ ಗದ್ದುಗೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡವರು ಅವರೇ. ಆದರೂ ಹಣದ ಪೆಟ್ಟಿಗೆಯ ಬೀಗದ ಕೈ ಮಾತ್ರ ಅವರ ಉಡಿದಾರ ಬಿಟ್ಟು ಕದಲುತ್ತಿರಲಿಲ್ಲ. ಕೆಂಗಲ್ ಆಂಜನೇಯನ ದರ್ಶನಕ್ಕೆ ಹೋದರೆ ಒಂದು ಮೆಟ್ಟನ್ನು ಬಾಗಿಲ ಬಳಿ, ಇನ್ನೊಂದನ್ನು ದೂರದ ಮರದ ಬುಡದಲ್ಲಿ ಬಿಡುತ್ತಿದ್ದರು. ಒಂಟಿ ಮೆಟ್ಟನ್ನು ಯಾರೂ ಕದಿಯುವುದಿಲ್ಲವಂತೆ. "ದೇವರ ಮೇಲೂ ಅನುಮಾನವೇ ದೊಡ್ಡಪ್ಪ?" ಎಂದು ಒಮ್ಮೆ ನಕ್ಕಿದ್ದೆ. "ದೇವ್ರ ಮ್ಯಾಲಲ್ಲ ಕಣ್ಲಾ, ಭಕ್ತರ ಮ್ಯಾಲೆ" ಅಂದರು. ಮನೆಯಲ್ಲಿ ನಮಗೆಲ್ಲ ಈ ಅನುಮಾನದ ಮೇಲೆ ಬೇಸರವಿತ್ತು. ನನಗಂತೂ ನಾಚಿಕೆಯೇ ಆಗುತ್ತಿತ್ತು.

ರೈಲು ಸ್ಟೇಷನ್ನಿನ ದಾರಿಯಲ್ಲಿ ಆಗ ಒಂದು ಕ್ಲಬ್ಬಿತ್ತು. ಅಮಲ್ದಾರರು, ವಕೀಲರು, ಪಕ್ಕದೂರು ಕ್ಲೋಸ್‌ಪೇಟೆಯ ರೇಷ್ಮೆ ಸಾಹುಕಾರರು ಸಂಜೆ ಟೆನ್ನಿಸ್, ರಾತ್ರಿ ಇಸ್ಪೀಟು ಆಡುವ ಜಾಗ. ಅದರ ಪರದೆಗಳಿಗೂ ಕೈ ಒರೆಸುವ ಬಟ್ಟೆಗಳಿಗೂ ಥಾನು ಹೋಗುತ್ತಿದ್ದದ್ದು ನಮ್ಮ ಅಂಗಡಿಯಿಂದ. ಹಾಗಾಗಿ ಮದರಾಸಿನ ಕಡೆಯಿಂದ ಒಬ್ಬ ಜಾದೂಗಾರ ಬಂದಾಗ ನಮಗೂ ಕರೆ ಬಂತು. ಹೊರಡುವಾಗಲೇ ದೊಡ್ಡಪ್ಪ ಎಚ್ಚರಿಸಿದರು: "ಜೇಬಿನ ಮ್ಯಾಲೆ ಕೈ ಮಡಿಕ್ಕೊಂಡಿರು. ಅವ್ನು ಮ್ಯಾಲೆ ತೋರುಸ್ದಾಗ ನೀನು ಕೆಳಗೆ ನೋಡು."

ಗ್ಯಾಸ್‌ಲೈಟಿನ ಬೆಳಕಲ್ಲಿ ಕಪ್ಪು ಕೋಟಿನ ಜಾದೂಗಾರ ಬಾಯಿಂದ ದಾರ ತೆಗೆದ, ಟೋಪಿಯಿಂದ ಪಾರಿವಾಳ ಹಾರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ದೊಡ್ಡಪ್ಪ ಬೆರಳು ಉಜ್ಜುತ್ತಾ ಕೂತಿದ್ದರು. ಅವನು ನಮ್ಮ ಸಾಲಿಗೆ ಬಂದಾಗ ಅವನ ತೋಳಿನ ಬಟ್ಟೆಯನ್ನೇ ಹಿಡಿದು ನೋಡಿಬಿಟ್ಟರು. "ಹಳೇ ಕೋಟು. ಮೂರು ಕಡೆ ತೇಪೆ ಐತೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನು ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಕೊನೆಯ ಆಟಕ್ಕೆ ಅವನು ಒಬ್ಬ ವಕೀಲರ ಚಿನ್ನದ ಗಡಿಯಾರ ಕೇಳಿ ಪಡೆದು ಕರವಸ್ತ್ರದಲ್ಲಿ ಸುತ್ತಿದ. ಒಳಗೆ ಗಡಿಯಾರ ಇದೆಯೆಂದು ಮುಟ್ಟಿ ನೋಡಿ ಹೇಳಲು ಕ್ಲಬ್ಬಿನ ಕಾರ್ಯದರ್ಶಿಯನ್ನು ಕರೆದ. "ಇದೆ" ಅಂದು ಕಾರ್ಯದರ್ಶಿ ಹಿಂದಕ್ಕೆ ಹೋಗಿ ನಿಂತರು. ಜಾದೂಗಾರ ಕರವಸ್ತ್ರ ಕೊಡವಿದ, ಗಡಿಯಾರ ಮಾಯ. ಹಿಂದುಗಡೆ ಸ್ಟೂಲಿನ ಮೇಲೆ ನಮ್ಮೂರಿನದೇ ಅರಗಿನ ಬಣ್ಣದ ಮರದ ಡಬ್ಬಿ ಇತ್ತು. "ಈಗ ಅದರಲ್ಲಿ ನೋಡಿ" ಎಂದು ಅವನೇ ಹೋಗಿ ಮುಚ್ಚಳ ತೆಗೆದ.

ಡಬ್ಬಿ ಖಾಲಿ. ಇದೂ ಆಟವೇ ಎಂದು ಎಲ್ಲರೂ ನಕ್ಕರು. ಅವನ ಮುಖ ಮಾತ್ರ ಬಿಳಿಚಿಕೊಂಡಿತ್ತು.

ಆಮೇಲೆ ನಗು ನಿಂತಿತು. ವಕೀಲರು ಕೂಗಾಡಿದರು. ಜವಾನರು ಅವನ ಕೋಟು ಬಿಚ್ಚಿಸಿ ಹುಡುಕಿದರು, ಏನೂ ಸಿಗಲಿಲ್ಲ. "ಮಾಯ ಮಾಡೋನು ಮೈಮೇಲೆ ಇಟ್ಕೊಂಡಿರ್ತಾನೇನ್ರೀ? ಪೊಲೀಸರನ್ನು ಕರೆಸಿ" ಎಂದರು ಅಮಲ್ದಾರರು. ಸಿಗದೇ ಹೋದದ್ದೇ ಅವನ ಮೇಲಿನ ಸಾಕ್ಷಿಯಾಯಿತು. "ನಾನು ತಗೊಂಡಿಲ್ಲ ಹುಜೂರ್. ಇದಕ್ಕಿಂತ ಹೆಚ್ಚು ಹೇಳಕ್ಕೆ ನನ್ನ ವಿದ್ಯೆ ಬಿಡಲ್ಲ" ಎಂದು ಅವನು ನೆಲ ನೋಡುತ್ತಾ ನಿಂತ.

"ಒಸಿ ತಡೀರಿ ಸ್ವಾಮಿ" ಎಂದು ದೊಡ್ಡಪ್ಪ ಎದ್ದರು. ನಾನು ಅವರ ಅಂಗಿಯ ತುದಿ ಹಿಡಿದೆಳೆದೆ. ಬಿಡಿಸಿಕೊಂಡರು.

"ಅವನ ಮ್ಯಾಲೆ ನಂಗೂ ಅನುಮಾನ ಐತೆ. ನಿಮ್ ಮ್ಯಾಲೂ ಐತೆ, ಇಲ್ಲಿ ಕುಂತಿರೋ ಎಲ್ರ ಮ್ಯಾಲೂ ಐತೆ. ಅವನೊಬ್ಬನ ಜೇಬು ನೋಡಿ ನಮ್ಮವ್ನೆಲ್ಲ ಬುಟ್ರೆ ಅದು ಅನುಮಾನ ಅಲ್ಲ, ಬಡವ ಸಿಕ್ದ ಅಂತ ತಟ್ಟೋದು. ಎಲ್ರ ಜೇಬೂ ನೋಡಿ. ನನ್ನಿಂದ್ಲೇ ಸುರು ಮಾಡಿ."

"ಯಜಮಾನರೇ, ಇಲ್ಲಿರೋರೆಲ್ಲ ಮರ್ಯಾದಸ್ಥರು" ಎಂದರು ಅಮಲ್ದಾರರು ಬಿಗಿಯಾಗಿ.

ದೊಡ್ಡಪ್ಪ ತಲೆಯ ರುಮಾಲು ಬಿಚ್ಚಿ ಮೇಜಿನ ಮೇಲಿಟ್ಟರು. ಕೋಟು ಕಳಚಿದರು. ಕೊರಳಿನ ಬೆಳ್ಳಿ ಕರಡಿಗೆ ಮುಟ್ಟಿ, "ಇದ್ರೊಳಗೆ ಲಿಂಗ ಐತೆ, ಇದೊಂದು ಬುಡಿ" ಅಂದರು. ಆಮೇಲೆ ಜೇಬುಗಳನ್ನು ಒಂದೊಂದಾಗಿ ಹೊರಗೆಳೆದರು. ಸುಣ್ಣದ ಡಬ್ಬಿ, ಅಡಿಕೆ ಚೂರು, ಕೊನೆಗೆ ಒಂದು ಬಿಳಿ ಗಂಟು. ಗಂಟು ಬಿಚ್ಚಿದರೆ ಕ್ಲಬ್ಬಿನ ಕೈ ಒರೆಸುವ ಬಟ್ಟೆ, ಅದರಲ್ಲಿ ಎರಡು ಬರ್ಫಿ.

ಇಡೀ ಹಜಾರ ಗೊಳ್ಳೆಂದಿತು. "ಬಟ್ಟೆ ನೇಯ್ದೋರು ಬ್ಯಾರೆ, ಮಾರ್ದೋನು ನಾನು, ಆದ್ರೆ ದುಡ್ಡು ಕೊಟ್ಟೋರು ನೀವು. ಮನೆಯವಳ್ಗೆ ಅಂತ ಎತ್ತಿಟ್ಕಂಡಿದ್ದೆ" ಎಂದು ದೊಡ್ಡಪ್ಪ ಅದನ್ನು ಮೇಜಿನ ಮೇಲೆ ತಳ್ಳಿದರು. ಅವರ ಕಿವಿ ಕೆಂಪಾಗಿತ್ತು. ಆದರೆ ಕೂರಲಿಲ್ಲ. "ನನ್ನ ಗಂಜಿ ಉದುರ್ತು. ಮುಂದಿನೋರು ಬನ್ನಿ."

ನಕ್ಕವರಿಗೆ ಈಗ ಹಿಂದೆಗೆಯಲು ದಾರಿ ಇರಲಿಲ್ಲ. ಒಬ್ಬ ಸಾಹುಕಾರರು ಗೊಣಗುತ್ತಾ ಕೋಟು ಬಿಚ್ಚಿದರು. ಅವರ ಹಿಂದೆ ವಕೀಲರೂ ಬಂದರು. ಸರದಿ ಹಿಂದಿನ ಗೋಡೆಯ ಹತ್ತಿರ ಬರುವಷ್ಟರಲ್ಲಿ ಕಾರ್ಯದರ್ಶಿಯವರು ಬಗ್ಗಿ, "ಅರೆ, ಇಲ್ಲೇ ಜಮಖಾನೆಯ ಅಡಿ ಬಿದ್ದಿದೆಯಲ್ಲ!" ಎಂದು ಗಡಿಯಾರ ಎತ್ತಿ ಹಿಡಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಜಟಕಾದಲ್ಲಿ ವಾಪಸು ಬರುವಾಗ ನಾನು ಕೇಳಿದೆ, "ಕದ್ದದ್ದು ಕಾರ್ಯದರ್ಶಿಯೇ ಅಲ್ಲವೇ ದೊಡ್ಡಪ್ಪ?"

"ಗಡಿಯಾರಕ್ಕೇನು ರೆಕ್ಕೆ ಐತಾ, ಡಬ್ಬೀಗೆ ಹಾರೋಕೆ? ನಮ್ಮೊಳಗೇ ಒಬ್ರು ಮುಟ್ಟಿ ನೋಡೋ ನೆಪದಲ್ಲಿ ಅದನ್ನ ಇಸ್ಕಂಡು ಡಬ್ಬೀಲಿ ಹಾಕ್ಬೇಕಿತ್ತು, ಹಾಕ್ಲಿಲ್ಲ. ಅವ್ರ ಹೆಸ್ರು ಹೇಳಿದ್ರೆ ಆಟದ ಗುಟ್ಟು ಹೋಯ್ತದೆ, ಅದ್ಕೇ ಅವ್ನು ಜೈಲಿಗಾದ್ರೂ ಹೋಗ್ತೀನಿ ಅಂತ ಬಾಯಿ ಮುಚ್ಕಂಡಿದ್ದ. ಇದು ನನ್ನ ಅನುಮಾನ ಅಷ್ಟೇಯ. ಅನುಮಾನಾನ ಸಾಕ್ಷಿ ಅಂದ್ಕಂಡು ಊರೆಲ್ಲ ಸಾರಬ್ಯಾಡ."

ಸ್ವಲ್ಪ ದೂರ ಹೋದ ಮೇಲೆ ತಮ್ಮ ಜೇಬು ತಡವಿಕೊಂಡರು. ಜಾದೂಗಾರ ಹೊರಡುವಾಗ ಅವರ ಕಾಲು ಮುಟ್ಟಿದ್ದ, ಆಗ ಏನಾದರೂ ಹೋಯಿತೋ ಎಂದು!

ಕ್ಲಬ್ಬಿನಿಂದ ಮತ್ತೆ ನಮಗೆ ಕರೆ ಬರಲಿಲ್ಲ. ಪರದೆ ಬಟ್ಟೆಯ ವ್ಯಾಪಾರವೂ ಹೋಯಿತು. "ಬರ್ಫಿ ಕಳ್ಳ" ಎಂದು ಪೇಟೆಯಲ್ಲಿ ಕೆಲವರು ಆಡಿಕೊಂಡರು. ನನಗೂ ಅದು ಬಹಳ ದಿನ ಅವಮಾನವಾಗಿಯೇ ಕಾಣುತ್ತಿತ್ತು. ಜೇಬಿನಲ್ಲಿ ಬರ್ಫಿ ಇದೆಯೆಂದು ಗೊತ್ತಿದ್ದೇ ಅವರು "ನನ್ನಿಂದ್ಲೇ ಸುರು ಮಾಡಿ" ಅಂದದ್ದು ಎಂಬುದು ಹೊಳೆದಾಗ ನನಗೂ ತಲೆ ನರೆಯತೊಡಗಿತ್ತು. ಆ ಹೊತ್ತಿಗೆ ದೊಡ್ಡಪ್ಪ ಹಾಸಿಗೆ ಹಿಡಿದಿದ್ದರು.

ಒಂದು ಸಂಜೆ ನನ್ನನ್ನು ಹತ್ತಿರ ಕರೆದು, ಉಡಿದಾರದಿಂದ ಪೆಟ್ಟಿಗೆಯ ಬೀಗದ ಕೈ ಬಿಚ್ಚಿಸಿದರು. ತಾವೇ ಅದನ್ನು ನನ್ನ ಉಡಿದಾರಕ್ಕೆ ಕಟ್ಟಿದರು. ನನಗೆ ಅಳು ತಡೆಯಲಾಗಲಿಲ್ಲ. "ಕೊನೆಗೂ ನನ್ನನ್ನು ನಂಬಿದಿರಲ್ಲ ದೊಡ್ಡಪ್ಪ" ಅಂದೆ.

"ನಂಬಿ ಕೊಡ್ತಿಲ್ಲ ಕಣ್ಲಾ" ಅಂದರು. "ನಾಳೆಯಿಂದ ಅನುಮಾನ ಪಡೋ ಕೆಲ್ಸ ನಿಂದು. ಮೊದ್ಲು ನಿನ್ ಜೇಬಿಂದ ಸುರು ಮಾಡು."

ಹಾಗೆಂದು, ಗಂಟು ಬಿಗಿಯಾಗಿದೆಯೋ ಇಲ್ಲವೋ ಎಂದು ಆ ಎರಡು ಬೆರಳಲ್ಲಿ ಒಮ್ಮೆ ಉಜ್ಜಿ ನೋಡಿ, ಕೈ ಬಿಟ್ಟರು.